ಐದು ಮಿನಿಟು: ಆಟಕ್ಕೋ, ಚಾಲಿಗೋ?

ಗಿರಾಕಿಯನ್ನು ಅಳೆಯಬೇಕಾದರೆ ಮೊದಲು ಅವನ ಕೈಗಡಿಯಾರ ನೋಡಿ. ಬಸ್ಸಿಗೆ ಓಡುವವನು ನಾನು ಹೇಳಿದ ರೇಟಿಗೆ ತಲೆಯಾಡಿಸಿ ಹೋಗುತ್ತಾನೆ. ಅದೇ ಮನುಷ್ಯ ಭಾನುವಾರ ಹೆಂಡತಿಯನ್ನು ಕರೆದುಕೊಂಡು ಬಂದರೆ ನನ್ನ ಬೆವರು ಇಳಿಸುತ್ತಾನೆ. ಅವನು ಜಾಣನೋ ದಡ್ಡನೋ ಎಂದು ಯಾರಾದರೂ ಕೇಳಿದರೆ, ಅವನ ಕೈಯಲ್ಲಿ ಎಷ್ಟು ಹೊತ್ತಿತ್ತು ಎಂದು ತಿಳಿಯದೆ ಉತ್ತರ ಕೊಡಬೇಡಿ. ಕಮಲಾಪುರದ ಕೆಂಪು ಬಾಳೆಯನ್ನು ಕೈಗಾಡಿಯಲ್ಲಿ ಮಾರಿ, ಈಗ ಕಲಬುರಗಿಯ ಗಾಜಿಪುರದಲ್ಲಿ ಸ್ವಂತ ಅಂಗಡಿ ಇಟ್ಟಿರುವ ನನಗೆ ಇಷ್ಟು ಮೊದಲೇ ಗೊತ್ತಿತ್ತು. ಚೆಸ್ ಆಡುವ ಕಂಪ್ಯೂಟರಿಗೂ ಇದೇ ಮಾತು ಸಲ್ಲುತ್ತದೆ ಎಂದು ತಿಳಿಯಲು ಮಾತ್ರ ಒಂಬತ್ತು ದಿನ ಹಿಡಿಯಿತು, ಅಕ್ಕನ ಮನೆಯ ಫ್ರಿಜ್ಜೂ ಬಂದ್ ಆಗಬೇಕಾಯಿತು.

ಅಕ್ಕನ ಗಂಡನನ್ನು ನಮ್ಮ ಕಡೆ ಮಾವ ಎನ್ನುತ್ತೇವೆ. ನಮ್ಮ ಮಾವ ಕಮಲಾಪುರದಲ್ಲಿರುವ ನಿವೃತ್ತ ಗಣಿತ ಮಾಸ್ತರರು. ನಿವೃತ್ತಿಯ ನಂತರ ನಾಲ್ಕು ವರ್ಷ ಕೂತು ತಾವೇ ಒಂದು ಚೆಸ್ ಪ್ರೋಗ್ರಾಂ ಬರೆದರು. ಮನೆಗೆ ಯಾರು ಬಂದರೂ, "ಗದ್ದಲ ಮಾಡಬ್ಯಾಡ್ರಿ, ಅದು ವಿಚಾರ ಮಾಡಾಕತ್ತದ" ಎಂದು ಕಂಪ್ಯೂಟರಿನ ಕಡೆ ಕೈ ತೋರಿಸುತ್ತಿದ್ದರು. ಹೀಗೆ ಮನೆಯಲ್ಲಿ ತಯಾರಾದ ಪ್ರೋಗ್ರಾಂಗಳಿಗಾಗಿ ಬೀದರ ಕಡೆಯ ಕೆಲವರು ಆನ್‌ಲೈನಿನಲ್ಲಿ ಒಂದು ಪಂದ್ಯ ಇಟ್ಟಿದ್ದರು. ಬಲವನ್ನು ಹೇಳುವ ಅಂಕಿ, ಅಂದರೆ ರೇಟಿಂಗು, ಎರಡು ಸಾವಿರ ಇದ್ದವರಿಗಷ್ಟೇ ಪ್ರವೇಶ.

"ಇದು ಒಳಗ ಹೋಗಲಿಲ್ಲಂದ್ರ ಕಂಪ್ಯೂಟರಿಗೆ ಬಟ್ಟಿ ಮುಚ್ಚಿ ಇಡ್ತೀನಿ" ಅಂದಿದ್ದರು ಮಾವ. ಅವರು ಸುಮ್ಮನೆ ಅನ್ನುವವರಲ್ಲ.

ಅಳೆಯುವ ರೀತಿ ಸರಳ. ರೇಟಿಂಗು ಹತ್ತೊಂಬತ್ತು ನೂರು ಎಂದು ಮೊದಲೇ ಗೊತ್ತಿರುವ ಇನ್ನೊಂದು ಪ್ರೋಗ್ರಾಮಿನ ಜೊತೆ ಇಪ್ಪತ್ತು ಆಟ ಆಡಿಸುವುದು, ಗೆಲುವು ಸೋಲು ನೋಡಿ ನಮ್ಮದರ ಅಂಕಿ ತೆಗೆಯುವುದು. ಖಾತ್ರಿಗಾಗಿ ಎರಡು ಕಡೆ ಆಡಿಸೋಣ ಎಂದರು: ಕಮಲಾಪುರದಲ್ಲಿ ಅವರ ಕಂಪ್ಯೂಟರು, ಗಾಜಿಪುರದಲ್ಲಿ ನನ್ನ ಅಂಗಡಿಯದು.

"ಸಾವ್ಕಾರ್ರ, ಟೈಮ್ ಐದ್ ಮಿನಿಟ್ ಇಡ್ರಿ" ಎಂದು ಫೋನಿನಲ್ಲಿ ಹೇಳಿದರು.

"ಆಯ್ತ್ರಿ ಮಾವ" ಅಂದೆ.

ಮಧ್ಯಾಹ್ನ ಹಚ್ಚಿದ್ದು ಸಂಜೆಗೆ ಮುಗಿಯಿತು. ಇಪ್ಪತ್ತರಲ್ಲಿ ಹದಿನಾಲ್ಕು ನಮ್ಮವು! ಅಂಕಿ ಎರಡು ಸಾವಿರದ ಐವತ್ತರ ಹತ್ತಿರ. ಖುಷಿಯಲ್ಲಿ ಒಂದು ಗೊನೆ ಕೆಂಪು ಬಾಳೆಯನ್ನು ಬಸ್ಸಿಗೆ ಹಾಕಿ ಕಮಲಾಪುರಕ್ಕೆ ಕಳಿಸಿಬಿಟ್ಟೆ. ಅದು ಅಲ್ಲಿಂದಲೇ ಬಂದದ್ದು ಎಂಬುದು ಬಸ್ಸು ಹೊರಟ ಮೇಲೆ ನೆನಪಾಯಿತು.

"ಇಪ್ಪತ್ತೂ ಮುಗದಾವ?" ಮಾವನಿಗೆ ನಂಬಿಕೆ ಇಲ್ಲ. "ನಂದಿನ್ನಾ ಮೊದಲನೇ ಆಟ. ರಾಜ ಈಗ ಕೋಟೆ ಹೊಕ್ಕಾನ."

ಅವರ ಕಂಪ್ಯೂಟರು ಮುದಿಯಾಗಿದೆ ಎಂದು ನಾನು ತಿಳಿದೆ. ನನ್ನದಕ್ಕೆ ತಲೆ ಕೆಟ್ಟಿದೆ ಎಂದು ಅವರು ತಿಳಿದರು. ಇಬ್ಬರೂ ಬಾಯಿಬಿಟ್ಟು ಕೇಳಲಿಲ್ಲ.

ಒಂಬತ್ತನೆಯ ದಿನ ನಾನೇ ಹೋದೆ. ಕರೆಂಟು ಹೋದರೆ ಆಟ ನಿಲ್ಲಬಾರದೆಂದು ಇನ್ವರ್ಟರಿನ ಮೇಲೆ ಕಂಪ್ಯೂಟರ್ ಒಂದೇ ಇತ್ತು. ಅದಕ್ಕಾಗಿ ಫ್ರಿಜ್ಜಿನ ವಯರು ಕಿತ್ತಿದ್ದರು.

"ಹಾಲು ಮಗ್ಗಲಮನ್ಯಾಗ, ಮೊಸರು ಮಗ್ಗಲಮನ್ಯಾಗ. ನಾ ಒಬ್ಬಾಕೀನೇ ಇಲ್ಲಿ ಉಳದೀನಿ ತಮ್ಮಾ" ಎಂದಳು ಅಕ್ಕ.

ಕೊನೆಯ ಆಟ ನನ್ನ ಕಣ್ಣೆದುರೇ ಮುಗಿಯಿತು. ಇಪ್ಪತ್ತರಲ್ಲಿ ಐದೇ ಗೆಲುವು. ಅಂಕಿ ಹದಿನೇಳು ನೂರಕ್ಕೆ ಇಳಿದಿತ್ತು. ಮಾವ ಎದ್ದು ಹೋಗಿ ಹಳೆಯ ಲುಂಗಿಯೊಂದನ್ನು ತಂದರು, ಕಂಪ್ಯೂಟರಿಗೆ ಮುಚ್ಚಲು.

"ತಡೀರಿ. ಒಂದ್ ಆಟಕ್ಕ ಎಷ್ಟ್ ಟೈಮ್ ಇಟ್ಟಿದ್ರಿ?"

"ಹೇಳಿಲ್ಲೇನು? ಐದ್ ಮಿನಿಟ್. ಒಂದೊಂದ್ ಚಾಲಿಗೆ, ಒಂದ್ ಕಾಯಿ ಒಮ್ಮೆ ನಡಸಾಕ."

"ಚಾಲಿಗಾ! ನಾ ಪೂರಾ ಆಟಕ್ಕ ಇಟ್ಟಿದ್ದೆ!"

ಅಕ್ಕ ನಗುತ್ತ ಗೋಡೆಗೆ ಆತು ನಿಂತಳು. "ಇವರ ಐದ್ ಮಿನಿಟ್ ನನಗ ಕೇಳು. ಐದ್ ಮಿನಿಟ್ನ್ಯಾಗ ಬರ್ತೀನಿ ಅಂತ ಮುಂಜಾನಿ ಹೋದಾವರು ಉಣ್ಣೂ ಹೊತ್ತಿಗೆ ಬರ್ತಾರ."

ಆಗ ಮಾವ ಬಿಡಿಸಿ ಹೇಳಿದರು. ಅವರ ಪ್ರೋಗ್ರಾಂ ಕಂಡದ್ದನ್ನು ಥಟ್ಟನೆ ಕಾಣುತ್ತದೆ, ಎಷ್ಟೇ ಹೊತ್ತು ಕೊಟ್ಟರೂ ಅದರಾಚೆ ಹೋಗುವುದಿಲ್ಲ. ಎದುರಿನದು ಹೊತ್ತು ಸಿಕ್ಕಷ್ಟೂ ಆಳಕ್ಕೆ ಇಳಿಯುತ್ತದೆ. ನನಗೆ ಕೂಡಲೇ ತಿಳಿಯಿತು. ನಮ್ಮದು ಬಸ್‌ಸ್ಟ್ಯಾಂಡಿನಲ್ಲಿ ಹುಲಿ, ಭಾನುವಾರ ದಡ್ಡ.

"ಹಂಗಾದ್ರ ಪಂದ್ಯದ ಫಾರ್ಮಿನ್ಯಾಗ ನನ್ನ ಅಂಕಿ ಬರೀರಿ. ಯಾವ ಗಡಿಯಾರ ಅಂತ ಯಾರ್ ಕೇಳ್ತಾರ?" ಎಂದು ಹೆಗಲ ಮೇಲಿನ ಟವೆಲ್ಲು ತೆಗೆದು ಇಬ್ಬರ ಕೈಯ ಮೇಲೂ ಹಾಕಿದೆ. ದನದ ಸಂತೆಯಲ್ಲಿ ದಲ್ಲಾಳಿಗಳು ಗುಟ್ಟಾಗಿ ರೇಟು ಹೇಳುವಂತೆ ಟವೆಲ್ಲಿನ ಕೆಳಗೆ ಅವರ ಎರಡು ಬೆರಳು ಒತ್ತಿದೆ: ಎರಡು ಸಾವಿರ.

ಅವರು ಕೈ ಕಿತ್ತುಕೊಂಡರು. "ಇದೇನ್ ಎತ್ತೇನ್ರಿ ಸಾವ್ಕಾರ್ರ, ಹಲ್ಲ್ ನೋಡಿ ರೇಟ್ ಹೇಳಾಕ? ಫಾರ್ಮಿನ್ಯಾಗ ಟೈಮ್ ಬರೀಲಿಕ್ಕೆ ಒಂದ್ ಖಾನೆ ಅದ. ಅದನ್ನ ನಾ ಖಾಲಿ ಬಿಡಂಗಿಲ್ಲ."

ಫಾರ್ಮು ಪೂರ್ತಿ ಓದಿದರೆ, ಪಂದ್ಯದಲ್ಲಿ ಒಂದು ಆಟಕ್ಕೆ ಹದಿನೈದು ಮಿನಿಟು. ಅಂದರೆ ನನ್ನ ಅಂಕಿಯೂ ಕೆಲಸಕ್ಕಿಲ್ಲ, ಅವರದೂ ಇಲ್ಲ. ಮರುದಿನ ಹದಿನೈದು ಇಟ್ಟು ಮತ್ತೆ ಇಪ್ಪತ್ತು ಆಟ ಆಡಿಸಿದೆವು. ಅವರ ಹದಿನೇಳು ನೂರೂ ಅಲ್ಲ, ನನ್ನ ಎರಡು ಸಾವಿರದ ಐವತ್ತೂ ಅಲ್ಲ: ಹತ್ತೊಂಬತ್ತು ನೂರಾ ಎಪ್ಪತ್ತು. ಮೂವತ್ತು ಕಡಿಮೆ. ಮಾವ ಅದನ್ನೇ ಬರೆದರು, ಪಕ್ಕದಲ್ಲಿ ಹದಿನೈದು ಮಿನಿಟು ಎಂದೂ ಬರೆದರು. ಲುಂಗಿ ಇನ್ನೂ ಕುರ್ಚಿಯ ಮೇಲಿತ್ತು.

ನಾನು ಪಂದ್ಯದವರಿಗೆ ಫೋನು ಹಚ್ಚಿದೆ. ಚೌಕಾಸಿಗೆ ಕೂತಾಗ ನಿಮ್ಮ ಮಾಲಿನ ಮಾತು ಆಡಬೇಡಿ, ಪಕ್ಕದ ಅಂಗಡಿಯ ತಕ್ಕಡಿಯ ಮಾತು ತೆಗೆಯಿರಿ.

"ಉಳದಾವರು ಟೈಮಿನ ಖಾನ್ಯಾಗ ಏನ್ ಬರದಾರ್ರೀ?"

ಆ ಕಡೆಯವರು ಫಾರ್ಮುಗಳನ್ನು ತಿರುವಿ ನೋಡಿದರು. "ಯಾರೂ ಬರದಿಲ್ರಿ."

"ಹಂಗಂದ್ರ ಅವರ ಎರಡ್ ಸಾವಿರ ಯಾ ಗಡಿಯಾರದ್ದು?"

"ಐದ್ ಮಿನಿಟ್ ತಡೀರಿ, ವಿಚಾರ ಮಾಡಿ ಹೇಳ್ತೀವಿ."

ಮಾವ ಫೋನು ಕಸಿದುಕೊಂಡರು. "ಸಾಹೇಬ್ರ, ಆಟಕ್ಕೋ, ಚಾಲಿಗೋ?"

ನಾಲ್ಕನೆಯ ದಿನ ಉತ್ತರ ಬಂತು. ಎಲ್ಲರಿಗೂ ಹದಿನೈದು ಮಿನಿಟಿನಲ್ಲಿ ಮತ್ತೆ ಅಳೆಯಲು ಹೇಳಿದ್ದರಂತೆ. ಎರಡು ಸಾವಿರದ ಮೇಲೆ ಮೂವರೇ ಉಳಿದರಂತೆ. ಮೂವರಿಗೆ ಪಂದ್ಯ ನಡೆಸಲಾಗದು ಎಂದು ಬಾಗಿಲನ್ನೇ ಹತ್ತೊಂಬತ್ತು ನೂರಕ್ಕೆ ಇಳಿಸಿದ್ದರು. ಮಾವ ಒಳಗೆ.

ಅಕ್ಕ ಲುಂಗಿ ಮಡಚಿಟ್ಟು, ಫ್ರಿಜ್ಜಿನ ವಯರು ಕೈಯಲ್ಲಿ ಹಿಡಿದು ಕೇಳಿದಳು: "ಪಂದ್ಯ ಎಷ್ಟ್ ದಿನಾರೀ?"

ಮಾವ ಕಂಪ್ಯೂಟರಿನ ವಯರು ಮತ್ತೆ ಇನ್ವರ್ಟರಿಗೆ ಸಿಕ್ಕಿಸಿದರು. ಅಕ್ಕ ವಯರು ಕೆಳಗಿಟ್ಟು, ಹಾಲಿನ ಪಾತ್ರೆ ಎತ್ತಿಕೊಂಡು ಮಗ್ಗಲಮನೆಗೆ ಹೊರಟಳು.