ತಮ್ಮನ ಅಂಗಿ ಜೇಬಿಗೊಂದು ಕ್ಯಾಮರಾ

ಸೈನ್ಯದಲ್ಲಿರುವವರಿಗೆ ಕ್ಯಾಮರಾ ಕೊಡಿಸಬೇಕು, ಯಾವುದು ಒಳ್ಳೆಯದು ಎಂದು ಯಾರಾದರೂ ಕೇಳಿದರೆ ನಾನು ಮೆಗಾಪಿಕ್ಸೆಲ್ ಮಾತು ಎತ್ತುವುದಿಲ್ಲ. ಅದಕ್ಕೆ ಹಾಕುವ ಸೆಲ್ ಯಾವುದು ಎಂದು ಕೇಳುತ್ತೇನೆ. ಇದು ಪುಸ್ತಕ ಓದಿ ಕಲಿತದ್ದಲ್ಲ.

ನನ್ನ ವ್ಯಾಪಾರವೇ ಸೆಲ್ಲು, ಟಾರ್ಚು, ಬೀಗ, ಛತ್ರಿಯದು. ತೊಂಬತ್ತರ ದಶಕದ ಆರಂಭದಲ್ಲಿ ಸಿದ್ದಾಪುರದ ಸಂತೆಯಲ್ಲಿ ಗೋಣಿಚೀಲ ಹಾಸಿ ಕುಳಿತವಳು ನಾನು. ಆಮೇಲೆ ಶಿರಸಿ, ಯಲ್ಲಾಪುರದ ಸಂತೆಗಳಿಗೂ ಬಸ್ಸಿನ ಮೇಲೆ ಗಂಟು ಹಾಕಿಸಿಕೊಂಡು ತಿರುಗಿದೆ. ಗಿರಾಕಿಯ ಎದುರಿಗೇ ಟಾರ್ಚನ್ನು ಎದೆಯೆತ್ತರದಿಂದ ಗೋಣಿಯ ಮೇಲೆ ಬೀಳಿಸಿ, ಎತ್ತಿ, ಬೆಳಗಿಸಿ ತೋರಿಸುವುದು ನನ್ನ ಪದ್ಧತಿ. ಪಕ್ಕದ ಬೀಗದ ವ್ಯಾಪಾರಿ ನಗುತ್ತಿದ್ದ. ನಗಲಿ, ನನ್ನ ಟಾರ್ಚು ಖರ್ಚಾಗುತ್ತಿತ್ತು. ಹತ್ತು ವರ್ಷಕ್ಕೆ ಶಿರಸಿಯಲ್ಲಿ ಒಂದೇ ಬಾಗಿಲಿನ ಅಂಗಡಿ ಹಿಡಿದೆ. ಅಷ್ಟರಲ್ಲಿ ಮನೆಯಲ್ಲಿ ಯಾರಿಗೆ ಏನು ಕೊಳ್ಳಬೇಕಾದರೂ, ಮದುವೆಯ ಜವಳಿಯಿಂದ ಹಿಡಿದು ಹಸುವಿನವರೆಗೆ, ಚೌಕಾಶಿಗೆ ನನ್ನನ್ನೇ ಮುಂದೆ ಮಾಡುವುದು ರೂಢಿಯಾಗಿತ್ತು.

ನಮ್ಮ ಊರಿಗೆ ಮೊಬೈಲು ಬಂದು ಎರಡು ಮೂರು ವರ್ಷವಾಗಿದ್ದಾಗ, ಜೂನ್ ತಿಂಗಳಲ್ಲಿ ತಮ್ಮ ರಜೆಗೆ ಬಂದ. ಅವನು ಸೈನ್ಯಕ್ಕೆ ಸೇರಿ ಒಂಬತ್ತು ವರ್ಷ. ಬಂದವನು ಚಹಾ ಕುಡಿಯುತ್ತಾ ಹೇಳಿದ.

"ಅಕ್ಕ, ಈ ಸಲ ನಾ ಹೊರದೇಶಕ್ಕೆ ಹೋಗ್ತೆ. ಆಫ್ರಿಕಾ. ಒಂದು ವರ್ಷ. ಶಾಂತಿ ಕಾಯೋ ಕೆಲಸ."

"ಅಲ್ಲಿ ಶಾಂತಿ ಇಲ್ಲೇನಾ?"

"ಇದ್ದಿದ್ರೆ ನಮ್ಮನ್ನ ಎಂತಕ್ಕೆ ಕರೀತಿದ್ರು ಮಾರಾಯ್ತಿ?"

ಆಮೇಲೆ ಒಂದು ಕ್ಯಾಮರಾ ಬೇಕು ಎಂದ. ಅಲ್ಲಿ ಬಿಡುವಿನಲ್ಲಿ ಫೋಟೊ ತೆಗೆಯಲು ಸಾಹೇಬರ ಒಪ್ಪಿಗೆ ಸಿಕ್ಕಿತ್ತು. ಹೊಸ ಡಿಜಿಟಲ್ ಜಾತಿಯದೇ ಆಗಬೇಕು, ಅಂಗಿ ಜೇಬಿನಲ್ಲಿ ಕೂರಬೇಕು, ಯಾವಾಗ ತೆಗೆದರೂ ಫೋಟೊ ಬರಬೇಕು. ಈ ಕಡೆಯ ಮಾತನ್ನು ಅವನು ಎರಡು ಸಲ ಹೇಳಿದ. ಯಾಕೆಂದು ಕೇಳಿದೆ.

ಹಿಂದಿನ ಸಲ ಅವನು ಹಿಮದ ಗುಡ್ಡದ ಮೇಲಿನ ಠಾಣೆಯಲ್ಲಿದ್ದ. ಆಗ ಒಂದು ರೀಲಿನ ಕ್ಯಾಮರಾ ಒಯ್ದಿದ್ದ. ಚಳಿಗೆ ಅದು ತಿರುಗದೆ ನಿಂತಿತು, ರೀಲು ಒಳಗೇ ತುಂಡಾಯಿತು. ಅಲ್ಲಿ ಇವನ ಜೊತೆ ಒಂದೇ ಟೆಂಟಿನಲ್ಲಿದ್ದ ಹುಡುಗ ಹಿಮ ಕುಸಿದು ತೀರಿಕೊಂಡ. ಮುಂದೆ ಇವನು ಅವರ ಮನೆಗೆ ಹೋದಾಗ ಆ ತಾಯಿ ಬೇರೆ ಏನನ್ನೂ ಕೇಳಲಿಲ್ಲವಂತೆ. ಅಲ್ಲಿದ್ದಾಗಿನ ಒಂದು ಫೋಟೊ ಇದ್ದರೆ ಕೊಡಪ್ಪ ಅಂದರಂತೆ. ಇವನ ಬಳಿ ಒಂದೂ ಇರಲಿಲ್ಲ.

"ಈ ಸಲ ನಮ್ಮ ತುಕಡಿಲಿ ಇರೋ ಎಲ್ಲರದ್ದೂ ತೆಗಿತೆ. ಒಬ್ಬೊಬ್ಬರದ್ದೂ," ಅಂದ. "ನಂಗೆ ಕ್ಯಾಮರಾ ಗೊತ್ತಾಗೂದಿಲ್ಲ. ನೀನೇ ಆರಿಸು."

ಹೊರಡಲು ಹನ್ನೊಂದು ದಿನವಿತ್ತು.

ಮಾರನೇ ದಿನ ಬೆಳಿಗ್ಗೆ ಶಿರಸಿಯ ಪೇಟೆಯಲ್ಲಿ ಕ್ಯಾಮರಾ ಅಂಗಡಿಯವನು ಬಾಗಿಲು ತೆಗೆದು ಗಣಪತಿಗೆ ಊದುಬತ್ತಿ ಹಚ್ಚುವಾಗಲೇ ನಾವಿಬ್ಬರೂ ಹೋಗಿ ನಿಂತೆವು. ದುಬಾರಿ ವಸ್ತು ಕೊಳ್ಳುವವರು ಬೋಣಿಯ ಹೊತ್ತಿಗೇ ಹೋಗಬೇಕು. ದಿನದ ಮೊದಲ ಗಿರಾಕಿಯನ್ನು ಬರಿಗೈಲಿ ಕಳಿಸಲು ಯಾವ ವ್ಯಾಪಾರಿಗೂ ಮನಸ್ಸು ಬರುವುದಿಲ್ಲ. ನಾನೇ ಎಷ್ಟು ಸಲ ಹಾಗೆ ಸೋತಿದ್ದೇನೆ.

ಅಂಗಡಿಯವನು ಮೊದಲು ಬೆಳ್ಳಿಬಣ್ಣದ, ಬೆಂಕಿಪೊಟ್ಟಣಕ್ಕಿಂತ ಸ್ವಲ್ಪವೇ ದೊಡ್ಡದೊಂದನ್ನು ತೆಗೆದ. ತಮ್ಮನ ಕಣ್ಣು ಅರಳಿತು. ನಾನು ಅದರ ತಳ ತೆಗೆಸಿ ನೋಡಿದೆ. ಒಳಗೆ ಚಪ್ಪಟೆಯಾದ, ಅದೊಂದಕ್ಕೇ ಹೊಂದುವ ಬ್ಯಾಟರಿ.

"ಇದು ಸತ್ತರೆ ಆಫ್ರಿಕಾದಲ್ಲಿ ಎಲ್ಲಿ ಸಿಗ್ತದೆ?"

"ಚಾರ್ಜ್ ಮಾಡೂದು, ಅಕ್ಕಾ."

"ಕರೆಂಟು ಇಲ್ಲದ ಕಡೆ?"

ಅಂಗಡಿಯವನು ಅದನ್ನು ಮತ್ತೆ ಪೆಟ್ಟಿಗೆಗೆ ಹಾಕಿದ. ನಾನು ನಾಲ್ಕು ಮಾತಿನ ಪಾಠ ಹೇಳಿಯೇ ಬಿಟ್ಟೆ. ಸಣ್ಣ ಪೆನ್ಸಿಲ್ ಸೆಲ್ ಹಾಕುವ ಕ್ಯಾಮರಾ ಕೊಂಡರೆ ಜಗತ್ತಿನ ಯಾವ ಗೂಡಂಗಡಿಯಲ್ಲೂ ಅದಕ್ಕೆ ಅನ್ನ ಸಿಗುತ್ತದೆ. ಎರಡು ಜೊತೆ ಚಾರ್ಜಾಗುವ ಸೆಲ್ ಇಟ್ಟುಕೊಳ್ಳಬೇಕು, ಅವು ಕೈಕೊಟ್ಟರೆ ಮಾಮೂಲಿ ಸೆಲ್ ಹಾಕಬೇಕು. ಅಂಥದ್ದೊಂದನ್ನು ಅವನು ತೆಗೆದ. ಗುಂಡಿ ಒತ್ತಿದರೆ ಆಮೆ ಕತ್ತು ಚಾಚಿದಂತೆ ಲೆನ್ಸು ಹೊರಗೆ ಬರುತ್ತಿತ್ತು. ದೂರದ್ದನ್ನು ಹತ್ತಿರ ತರುತ್ತಿತ್ತು. ಚೆಂದವಿತ್ತು. ಬೋಣಿಯ ಮರ್ಯಾದೆಗೆ ಅವನು ಇಳಿಯುವಷ್ಟು ಇಳಿದ, ನಾನು ಮೇಲೆ ಒಂದು ಚೀಲವನ್ನೂ ಕೇಳಿ ಪಡೆದೆ.

ಇಲ್ಲಿಗೆ ಮುಗಿದಿದ್ದರೆ ನನ್ನ ಜಾಣತನದ ಕತೆಯಾಗುತ್ತಿತ್ತು.

ಆ ವಾರ ಮಳೆ ಹಿಡಿಯಿತು. ನಮ್ಮಲ್ಲಿ ಮಳೆ ಹಿಡಿದರೆ ಚಪ್ಪಲಿಗೂ ಬೂಸ್ಟು ಬರುತ್ತದೆ. ನನ್ನ ಬೀಗ, ಟಾರ್ಚುಗಳಿಗೆ ತಂಡಿ ಹತ್ತದಂತೆ ಸಂತೆಯ ಕಾಲದಿಂದಲೂ ನಾನು ಮಾಡುವ ಉಪಾಯವೊಂದಿದೆ. ಅಕ್ಕಿಯನ್ನು ಬಾಣಲೆಯಲ್ಲಿ ಬಿಸಿ ಮಾಡಿ, ಆರಿಸಿ, ಮುಚ್ಚಳ ಬಿಗಿಯಾಗಿರುವ ತಗಡಿನ ಡಬ್ಬಕ್ಕೆ ಸುರಿದು, ಅದರಲ್ಲಿ ಸಾಮಾನು ಹೂತಿಡುವುದು. ಹತ್ತು ಮಳೆಗಾಲದಲ್ಲಿ ಒಂದು ಬೀಗವೂ ತುಕ್ಕು ಹಿಡಿದಿರಲಿಲ್ಲ. ಕ್ಯಾಮರಾದ ಲೆನ್ಸಿಗೆ ಬೂಸ್ಟು ಬಂದರೆ ಹೋಗುವುದೇ ಇಲ್ಲ ಎಂದು ಯಾರೋ ಹೇಳಿದ್ದು ನೆನಪಾಗಿ, ತಮ್ಮ ಸಿದ್ದಾಪುರಕ್ಕೆ ಅಮ್ಮನನ್ನು ನೋಡಲು ಹೋದಾಗ ನಾನು ಅದನ್ನು ಚೀಲದಿಂದ ತೆಗೆದು ಅಕ್ಕಿಯಲ್ಲಿ ಹೂತೆ. ಚೀಲದಲ್ಲೇ ಇಟ್ಟರೆ ಅಕ್ಕಿ ಅದರ ತಂಡಿ ಎಳೆಯುವುದಿಲ್ಲ ಎಂಬುದು ನನ್ನ ತರ್ಕ.

ಮೂರನೇ ದಿನ ತಮ್ಮ ಬಂದು ಗುಂಡಿ ಒತ್ತಿದ. ಲೆನ್ಸು ಅರ್ಧ ಹೊರಗೆ ಬಂತು. ಕರಕರ ಎಂದಿತು. ಹಿಂದೆಯೂ ಹೋಗಲಿಲ್ಲ, ಮುಂದೆಯೂ ಬರಲಿಲ್ಲ.

ತಮ್ಮ ಡಬ್ಬವನ್ನು ನೋಡಿದ, ನನ್ನನ್ನು ನೋಡಿದ. "ಅಕ್ಕ, ಉಪ್ಪಿನಕಾಯಿ ಹಾಕಿದ್ಯಾ ಇದನ್ನ?" ಎಂದ. ನಗಲಿಲ್ಲ. ಬೆರಳು ಮಡಚಿ ಎಣಿಸಿ, "ಇನ್ನು ಐದೇ ದಿನ ಉಂಟು," ಎಂದ. ಅವನು ಬೈದಿದ್ದರೆ ಒಳ್ಳೆಯದಿತ್ತು.

ಅಂಗಡಿಗೆ ಹೋಗುವ ದಾರಿಯುದ್ದಕ್ಕೂ ನಾನು ಹೇಳಬೇಕಾದ ಸುಳ್ಳನ್ನು ಜೋಡಿಸಿಕೊಂಡೆ. ಮಾಲೇ ಹೀಗಿತ್ತು, ಮೊದಲ ದಿನದಿಂದಲೇ ಕರಕರ ಎನ್ನುತ್ತಿತ್ತು, ಬೇರೆ ಕೊಡಿ. ಗಿರಾಕಿಗಳು ನನಗೆ ಹೇಳುವ ಸುಳ್ಳುಗಳಲ್ಲಿ ಆರಿಸಿಕೊಂಡದ್ದು, ಆದ್ದರಿಂದ ಒಳ್ಳೆಯ ಜಾತಿಯ ಸುಳ್ಳೇ. ಅಂಗಡಿಯವನು ಎಲ್ಲವನ್ನೂ ಕೇಳಿಸಿಕೊಂಡು, ಕ್ಯಾಮರಾವನ್ನು ಗಾಜಿನ ಮೇಲೆ ತಲೆಕೆಳಗೆ ಹಿಡಿದು ಬೆರಳಿನಿಂದ ಎರಡು ಸಲ ತಟ್ಟಿದ. ಬಿಳಿ ಹುಡಿ ಉದುರಿತು. ಹಿಂದೆಯೇ ಒಂದು ನುಚ್ಚಕ್ಕಿ.

"ಅಕ್ಕಾ, ಊಟ ಹಾಕಿದ್ರಾ ಇದಕ್ಕೆ?"

ತಮ್ಮ ಆಗ ಮೊದಲ ಸಲ ನಕ್ಕ. ನಾನು ನಿಜ ಹೇಳಿದೆ. ಬರಿ ಅಕ್ಕಿ, ಹುರಿದದ್ದು, ಇಷ್ಟು ದಿನ ಬೀಗಕ್ಕೆ ಏನೂ ಆಗಿರಲಿಲ್ಲ ಎಂದೆ.

"ಬೀಗ ಮೂತಿ ಚಾಚೂದಿಲ್ಲಲ್ರಿ," ಎಂದ ಅವನು. "ನಂಗೆ ವಾಪಸ್ ಬರೋ ಕ್ಯಾಮರಾ ಎಲ್ಲಾ ಇದೇ ರೋಗದ್ದು. ಹುಡಿ ಹೋಯ್ತು, ಮಣ್ಣು ಹೋಯ್ತು, ಮೂತಿ ಹೊರಗಿದ್ದಾಗ ಬಿತ್ತು. ಇವರು ಹೋಗೂದು ಮಣ್ಣಿನ ದೇಶಕ್ಕೆ. ಇಲ್ಲಿ ಅಕ್ಕಿಹುಡಿ ಮಾಡಿದ್ದನ್ನ ಅಲ್ಲಿ ಕೆಂಪು ಮಣ್ಣು ಮಾಡ್ತಿತ್ತು."

ನಾನು ಅಲ್ಲೇ ಸ್ಟೂಲಿನ ಮೇಲೆ ಕುಳಿತೆ. ಅವನು ಹೇಳಿದ್ದು ಸರಿ ಇತ್ತು. ಸೆಲ್ ನೋಡಿದೆ, ದರ ನೋಡಿದೆ, ಅಲುಗಾಡುವ ಭಾಗ ಎಷ್ಟಿದೆ ಎಂದು ನೋಡಲಿಲ್ಲ. ಛತ್ರಿ ಮಾರುವವಳಿಗೆ ಅದು ಮೊದಲು ಹೊಳೆಯಬೇಕಿತ್ತು. ಮಡಚಿ ಮಡಚಿ ಸಣ್ಣದಾಗುವ ಛತ್ರಿ ಒಂದು ಗಾಳಿಗೆ ಮುರಿಯುತ್ತದೆ, ಉದ್ದ ಕೋಲಿನದು ಅಜ್ಜನಿಂದ ಮೊಮ್ಮಗನಿಗೆ ಹೋಗುತ್ತದೆ.

"ಮೂತಿ ಚಾಚದೇ ಇರೋದು ಉಂಟಾ?"

ಅವನು ಕಪಾಟಿನ ಕೆಳಖಾನೆಯಿಂದ ಧೂಳು ಹಿಡಿದ ಪೆಟ್ಟಿಗೆ ತೆಗೆದ. ಕರಿಯದು, ದಪ್ಪನೆಯದು, ಸೋಪಿನ ಪೆಟ್ಟಿಗೆಯ ಹಾಗೆ. ಮುಂದೆ ಸರಿಸುವ ಮುಚ್ಚಳ, ಅದರ ಹಿಂದೆ ಒಳಗೇ ಕೂತ ಲೆನ್ಸು. ದೂರದ್ದನ್ನು ಹತ್ತಿರ ತರುವುದಿಲ್ಲ. ಹಿಂದಿನ ಪರದೆ ಅಂಚೆಚೀಟಿಯಷ್ಟು. ಎರಡು ಪೆನ್ಸಿಲ್ ಸೆಲ್. ಒಂದು ವರ್ಷದಿಂದ ಯಾರೂ ಮುಟ್ಟಿರಲಿಲ್ಲ.

"ದೂರದ್ದು ಬರೂದಿಲ್ಲ," ಎಂದು ಅವನೇ ಎಚ್ಚರಿಸಿದ.

"ದೂರದ್ದು ಬೇಡ," ಎಂದ ತಮ್ಮ. "ಮಖ ಬಂದ್ರೆ ಸಾಕು. ಹತ್ರ ಹೋಗಿ ನಿಲ್ತೆ."

ಬದಲಿಗೆ ಕೊಡುವ ಕ್ಯಾಮರಾದ ಪರೀಕ್ಷೆಗೆಂದು ನಾನು ತಮ್ಮನ ಸಮವಸ್ತ್ರದ ಅಂಗಿ, ಗ್ಲೌಸು ಎಲ್ಲ ಚೀಲದಲ್ಲಿ ತಂದಿದ್ದೆ. ಜೇಬಿಗೆ ಹಾಕಿ ಗುಂಡಿ ಹಾಕಿದೆವು, ಕೂತಿತು. ತಮ್ಮನಿಗೆ ಕಣ್ಣು ಮುಚ್ಚಿಸಿ, ಕೈಗೆ ಹಿಮದ ಠಾಣೆಯ ಕಾಲದ ಆ ಉಣ್ಣೆಯ ಗ್ಲೌಸು ಹಾಕಿಸಿ, ತೆಗೆದು ಒತ್ತು ಎಂದೆ. ಮುಚ್ಚಳ ಸರಿಸಿ ಒತ್ತಿದ, ಅಂಗಡಿಯವನ ಅರ್ಧ ಮುಖ ಬಂತು. ಆಮೇಲೆ ನನ್ನ ಗೋಣಿಚೀಲ ತೆಗೆದೆ.

"ಎಂತ ಅಕ್ಕಾ, ಅದು ಎಂತಕ್ಕೆ?"

"ಬೀಳಿಸ್ತೆ."

"ನನ್ನ ಅಂಗಡೀಲಿ ಬೇಡ, ಮಾರಾಯ್ತಿ!"

"ಒಡೆದ್ರೆ ನಂದು," ಎಂದು ನೆಲಕ್ಕೆ ಗೋಣಿ ಹಾಸಿ ಎದೆಯೆತ್ತರದಿಂದ ಬಿಟ್ಟೆ. ಅವನು ಮುಖ ತಿರುಗಿಸಿದ. ಎತ್ತಿ ಒತ್ತಿದರೆ ತಿರುಗಿಸಿದ ಮುಖವೇ ಬಂತು.

ಕೆಟ್ಟದ್ದನ್ನು ಅವನು ರಿಪೇರಿಗೆ ಇಟ್ಟುಕೊಂಡ, ಹೊಸದರ ದರದಲ್ಲಿ ಅದರ ಬಾಬ್ತು ಒಂದಿಷ್ಟು ಕಳೆದ. ಎಷ್ಟು ಎಂದು ಹೇಳುವುದಿಲ್ಲ. ತಪ್ಪು ನನ್ನದಿದ್ದಾಗ ಆಗುವ ಚೌಕಾಶಿಯಲ್ಲಿ ಹೇಳಿಕೊಳ್ಳುವಂಥದ್ದೇನೂ ಇರುವುದಿಲ್ಲ.

ಫೋಟೊ ಕೂರುವ ಕಾರ್ಡಿನ ವಿಷಯದಲ್ಲಿ ಮಾತ್ರ ನಾನು ಹೇಳಿದ್ದೇ ನಡೆಯಿತು. ದೊಡ್ಡದೊಂದರ ಬದಲು ಸಣ್ಣವು ನಾಲ್ಕು. ಒಂದು ಹಾಳಾದರೆ ಮೂರು ಉಳಿಯಲಿ ಎಂದು. ಚಪ್ಪಲಿ ಅಂಗಡಿಯವರು ಪೆಟ್ಟಿಗೆಯಿಂದ ತೆಗೆದು ಎಸೆಯುವ, ತೇವ ಹೀರುವ ಹರಳಿನ ಪೊಟ್ಟಣಗಳನ್ನು ಒಂದು ಹಿಡಿ ಆರಿಸಿ ತಂದೆ. ಅಕ್ಕಿಯ ಕೆಲಸವನ್ನೇ ಅವು ಹುಡಿಯಿಲ್ಲದೆ ಮಾಡುತ್ತವೆ. ಇದನ್ನು ಈಗಲೂ ಎಲ್ಲರಿಗೂ ಹೇಳುತ್ತೇನೆ.

ಯಲ್ಲಾಪುರದ ಸಂತೆಗೆ ನಾನು ಹೇಗೂ ಹೋಗುವವಳಿದ್ದೆ. ತಮ್ಮನೂ ಬಂದ. ವ್ಯಾಪಾರ ಮುಗಿಸಿ ಚಂದಗುಳಿಯ ಗಂಟೆ ಗಣಪನಿಗೆ ಹೋದೆವು. ಜನ ಹರಕೆಗೆಂದು ಕಟ್ಟಿದ ಗಂಟೆಗಳು ಮಂದ ಬೆಳಕಿನಲ್ಲಿ ಸಾಲಾಗಿ ತೂಗುತ್ತವೆ, ಕ್ಯಾಮರಾ ಪರೀಕ್ಷೆಗೆ ಅದಕ್ಕಿಂತ ಕಷ್ಟದ ಜಾಗ ಬೇಡ. ಒಳಗೆ ಗಂಟೆಗಳ ಕೆಳಗೆ, ಹೊರಗೆ ಜಿಟಿಜಿಟಿ ಮಳೆಯಲ್ಲಿ ನನ್ನನ್ನು ನಿಲ್ಲಿಸಿ ಹತ್ತು ತೆಗೆದ. ಒಂದರಲ್ಲೂ ನಾನು ಚೆನ್ನಾಗಿ ಬಂದಿಲ್ಲ, ಆದರೆ ಹತ್ತೂ ಬಂದವು. ಮೂರನೇ ದಿನ ಅವನು ಹುಬ್ಬಳ್ಳಿಯಿಂದ ರೈಲು ಹತ್ತಿದ.

ಐದು ತಿಂಗಳ ಮೇಲೆ ರಜೆಗೆ ಬಂದ ಅವನ ಸಂಗಡಿಗನೊಬ್ಬ ತನ್ನ ಊರಿನಿಂದ ನನಗೊಂದು ರಿಜಿಸ್ಟರ್ ಅಂಚೆ ಕಳಿಸಿದ. ಒಳಗೆ ಒಂದು ಕಾರ್ಡು, ತಮ್ಮನ ಅಕ್ಷರದಲ್ಲಿ ವಿಳಾಸಗಳ ಪಟ್ಟಿ. ಸ್ಟುಡಿಯೋದಲ್ಲಿ ಕಾರ್ಡು ಹಾಕಿಸಿ ನೋಡಿದೆ. ಕೆಂಪು ಮಣ್ಣು, ತಗಡಿನ ಮಾಡು, ಮತ್ತೆ ಬರೀ ಮುಖಗಳು. ಒಬ್ಬೊಬ್ಬರೂ ಮದುವೆಗೆ ಫೋಟೊ ತೆಗೆಸಿಕೊಳ್ಳುವವರ ಹಾಗೆ ನೆಟ್ಟಗೆ ನಿಂತಿದ್ದರು. ಇಪ್ಪತ್ತಾರು ಜನ, ಇಪ್ಪತ್ತಾರು ಮನೆ. ಒಟ್ಟಿಗೆ ಪ್ರಿಂಟ್ ಹಾಕಿಸಿದ್ದಕ್ಕೆ ದರ ಇಳಿಸಿಕೊಂಡೆ. ಅಂಚೆಯಲ್ಲಿ ಮಡಚಿಹೋಗದಿರಲೆಂದು ಛತ್ರಿ ಬಂದ ರಟ್ಟಿನ ಪೆಟ್ಟಿಗೆ ಕತ್ತರಿಸಿ ಪ್ರತಿಯೊಂದರ ಬೆನ್ನಿಗೂ ಒಂದು ತುಂಡು ಇಟ್ಟು, ಕಳಿಸಿದವರ ಜಾಗದಲ್ಲಿ ನನ್ನ ಅಂಗಡಿಯ ವಿಳಾಸ ಬರೆದು, ಎಲ್ಲವನ್ನೂ ಒಂದೇ ದಿನ ರವಾನಿಸಿದೆ.

ಏಳೆಂಟು ಮನೆಯವರು ಉತ್ತರ ಬರೆದರು. ಒಂದು ಕಾಗದ ಮರಾಠಿಯಲ್ಲಿತ್ತು. ಪಕ್ಕದ ಪಾತ್ರೆ ಅಂಗಡಿಯ ಮುದುಕರಿಗೆ ಮರಾಠಿ ಬರುತ್ತಿತ್ತು, ಅವರು ಕನ್ನಡಕ ಏರಿಸಿ ಓದಿ ಹೇಳಿದರು. ಒಬ್ಬ ತಾಯಿ ಬರೆಸಿದ್ದು. ಫೋಟೊ ಸಿಕ್ಕಿತು. ಮಗ ಬಡವಾಗಿದ್ದಾನೆ. ಅವನ ಹಿಂದೆ ಬಾಗಿಲಲ್ಲಿ ನಿಂತವನು ಮಾತ್ರ ದಪ್ಪಗಿದ್ದಾನೆ. ಅಲ್ಲಿ ಊಟದಲ್ಲಿ ಭೇದ ಮಾಡುತ್ತಾರೆಯೇ?

"ದಪ್ಪಗಿರುವಾತ ಯಾರು ತಂಗೀ?" ಎಂದು ಮುದುಕರು ಕೇಳಿದರು.

ನನ್ನ ಅಂಗಡಿಯಲ್ಲಿ ಆ ಫೋಟೊದ ಇನ್ನೊಂದು ಪ್ರತಿ ಇತ್ತು. ತೆಗೆದು ನೋಡಿದೆ. ಬಾಗಿಲಲ್ಲಿ ನಿಂತವನು ಅಡುಗೆಯ ಏಪ್ರನ್ ಕಟ್ಟಿದ್ದ.

ಮುಂದಿನ ಭಾನುವಾರ ತಮ್ಮನ ಫೋನು ಬಂದಾಗ ಮೊದಲು ಇದನ್ನೇ ಹೇಳಿದೆ. ಅವನು ಅಲ್ಲಿಂದಲೇ ಗಟ್ಟಿಯಾಗಿ ನಕ್ಕು ಆ ತಾಯಿಯ ಮಗನನ್ನು ಕೂಗಿ ಕರೆದದ್ದು ನನಗೂ ಕೇಳಿಸಿತು.

"ಅಕ್ಕ, ಅವಂಗೆ ಅಂಗಿ ಮೇಲೆ ಅಂಗಿ ಹಾಕಿಸಿ ತೆಗಿಯಲಾ?"

"ಬೇಡ. ತಾಯಿಗೆ ಗೊತ್ತಾಗ್ತದೆ. ಒಂದು ವಾರ ಸರಿಯಾಗಿ ಉಣ್ಣಿಸು. ಆಮೇಲೆ ತಟ್ಟೆ ಎದುರಿಗೆ ಕೂರಿಸಿ ತೆಗಿ. ತಟ್ಟೆಯೂ ಕಾಣಬೇಕು."

ಮುಂದಿನ ಕಾರ್ಡು ಬಂದದ್ದು ತಿಂಗಳ ಮೇಲೆ. ತಟ್ಟೆಯಲ್ಲಿ ಅನ್ನ ಗುಡ್ಡೆಯಾಗಿತ್ತು. ಹುಡುಗ ಬಾಯಿ ತುಂಬ ತುತ್ತು ಇಟ್ಟುಕೊಂಡು ಕ್ಯಾಮರಾ ನೋಡುತ್ತಿದ್ದ, ಕೆನ್ನೆಯೂ ಅಷ್ಟರ ಮಟ್ಟಿಗೆ ಉಬ್ಬಿತ್ತು. ಅದೊಂದನ್ನು ದೊಡ್ಡ ಅಳತೆಯಲ್ಲಿ ಪ್ರಿಂಟ್ ಹಾಕಿಸಿ, ಅದರ ಹಿಂಬದಿಗೆ ಮುದುಕರಿಂದ ಮರಾಠಿಯಲ್ಲಿ ಎರಡು ಸಾಲು ಬರೆಸಿದೆ: ದಪ್ಪಗಿರುವವನು ಅಡುಗೆಯವನು, ನಿಮ್ಮ ಮಗನಿಗೆ ಬಡಿಸುವುದೂ ಅವನೇ.