ಬುಧವಾರಕ್ಕೊಂದು ವ್ರತ ಸಿಗಲಿಲ್ಲ

ಮೊನ್ನೆ ಶನಿವಾರ ಸಂಜೆ ಪಕ್ಕದ ಮನೆಯಿಂದ ಗೋಧಿ ದೋಸೆಯ ವಾಸನೆ ಬಂತು. ನಮ್ಮ ಕಡೆ ಒಪ್ಪತ್ತು ಮಾಡುವವರು ಮಧ್ಯಾಹ್ನ ಒಂದೇ ಹೊತ್ತು ಅನ್ನ ಉಂಡು, ರಾತ್ರಿಗೆ ಫಲಾಹಾರವೆಂದು ಇಂಥದ್ದೇನಾದರೂ ತಿನ್ನುತ್ತಾರೆ. ಆ ವಾಸನೆಗೆ ಬೇರೆಯವರಿಗೆ ಹಸಿವಾಗುತ್ತದೆ, ನನಗೆ ನಗು ಬರುತ್ತದೆ. ಕಾರಣ ಸ್ವಲ್ಪ ನಾಚಿಕೆಯದ್ದು. ಆದರೆ ಮಂಡಿನೋವನ್ನು ಊರಿಗೆಲ್ಲ ಹೇಳಿಕೊಂಡು ತಿರುಗುವ ನಾನು ಇದೊಂದನ್ನು ಯಾಕೆ ಮುಚ್ಚಿಡಲಿ?

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಅಜೆಕಾರಿನಿಂದ ಮದುವೆಯಾಗಿ ಕಟಪಾಡಿಗೆ ಬಂದೆ. ಇವರಿಗೆ ಮಣಿಪಾಲದ ಒಂದು ಆಫೀಸಿನಲ್ಲಿ ಟೈಪಿಸ್ಟ್ ಕೆಲಸ. ಮನೆಯಲ್ಲಿ ಅತ್ತೆ, ಇವರು, ನಾನು. ಮದುವೆಯ ಹಿಂದಿನ ದಿನ ನನ್ನ ಚಿಕ್ಕಮ್ಮ ಕೋಣೆಯ ಬಾಗಿಲು ಓರೆ ಮಾಡಿ, "ನೋವಾಗ್ತದೆ ಮಗಳೇ. ಹಲ್ಲು ಕಚ್ಚಿ ಕಣ್ಣು ಮುಚ್ಚು, ದೇವರ ಹೆಸರು ಹೇಳ್ತಾ ಇರು. ಹೆಂಗಸಾಗಿ ಹುಟ್ಟಿದ ಮೇಲೆ ಎಂತ ಮಾಡುದು?" ಎಂದಿದ್ದರು. ಪಾಪ, ಒಳ್ಳೆಯದಕ್ಕೇ ಹೇಳಿದ್ದು. ಅವರಿಗೂ ಯಾರೋ ಹಾಗೆಯೇ ಹೇಳಿರಬೇಕು. ನಾನು ಹೇಳಿದಂತೆ ಕೇಳುವ ಹುಡುಗಿ. ಮೊದಲ ದಿನ ಇವರು ಹತ್ತಿರ ಬರುತ್ತಲೇ ಕಣ್ಣು ಮುಚ್ಚಿ, ಗಟ್ಟಿಯಾಗಿ "ನಾರಾಯಣ, ನಾರಾಯಣ" ಎನ್ನತೊಡಗಿದೆ. ಇವರು ಗಾಬರಿಯಾಗಿ ಒಂದು ಲೋಟ ನೀರು ತಂದಿಟ್ಟು, ಚಾಪೆ ಹಿಡಿದುಕೊಂಡು ಜಗಲಿಗೆ ಹೋದರು. ಆ ನೀರಿನ ಲೋಟವನ್ನು ನಾನು ಇಂದಿಗೂ ದೇವರ ದಯೆಗಳ ಸಾಲಿನಲ್ಲಿಯೇ ಸೇರಿಸಿಕೊಂಡಿದ್ದೇನೆ. ಬೇರೆ ಗಂಡಸಾಗಿದ್ದರೆ ಏನಾಗುತ್ತಿತ್ತೋ.

ಆಮೇಲೆ ನನಗೊಂದು ಉಪಾಯ ಹೊಳೆಯಿತು. ವ್ರತ ಹಿಡಿದವರು ಗಂಡನಿಂದ ದೂರ, ಬೇರೆ ಚಾಪೆಯಲ್ಲಿ ಮಲಗುವುದು ಅತ್ತೆಯ ಮನೆಯ ಕ್ರಮ. ಸೋಮವಾರ ಈಶ್ವರನದ್ದು ಎಂದು ಒಪ್ಪತ್ತು ಹಿಡಿದೆ. ಶನಿವಾರ ಹನುಮಂತನದ್ದು. ಹೆದರಿಕೆ ಹೆಚ್ಚಾದ ಹಾಗೆ ಭಕ್ತಿಯೂ ಹೆಚ್ಚಿತು. ಮಂಗಳವಾರ ಕಾಪುವಿನ ಮಾರಿಯಮ್ಮ, ಗುರುವಾರ ರಾಯರು, ಶುಕ್ರವಾರ ದೇವಿ, ಭಾನುವಾರ ಸೂರ್ಯದೇವರು. ಬುಧವಾರಕ್ಕೆ ಮಾತ್ರ ಯಾವ ದೇವರೂ ಹೊಂದಿ ಬರಲಿಲ್ಲ. ಆ ದಿನಕ್ಕೆ ತಲೆನೋವು ಇಟ್ಟುಕೊಂಡೆ.

ಅತ್ತೆಗೆ ಹೆಮ್ಮೆಯೋ ಹೆಮ್ಮೆ. ಬೇಲಿಯಾಚೆಯವರಿಗೆ ಕೇಳುವಂತೆ, "ನಮ್ಮ ಸೊಸೆಗೆ ಸಿನಿಮಾ ಗಿನಿಮಾ ಎಂತ ಇಲ್ಲ. ದೇವರು, ದೇವರು!" ಎನ್ನುತ್ತಿದ್ದರು. ಇವರು ಮಾತ್ರ ದಿನದಿನಕ್ಕೂ ಮೌನವಾದರು. ಆಫೀಸಿನಿಂದ ಬರುವುದು ತಡವಾಗತೊಡಗಿತು. ಒಂದು ದಿನ ಚಹಾ ಕುಡಿಯುತ್ತಾ, "ಬೇಕಿದ್ರೆ ನಿನ್ನನ್ನು ಅಜೆಕಾರಿಗೆ ಬಿಟ್ಟು ಬರ್ತೇನೆ. ಸುಮ್ಮನೆ ನಿನ್ನ ಜನ್ಮ ಯಾಕೆ ಹಾಳಾಗುದು?" ಎಂದರು. ಸಿಟ್ಟಿನಿಂದ ಹೇಳಿದ್ದಲ್ಲ. ನನಗೆ ಇವರು ಬೇಕಿತ್ತು. ಜಗಲಿಯಲ್ಲಿ ಕೂತು ರೇಡಿಯೋದ ಬೆನ್ನಿಗೆ ತಟ್ಟುವ ಈ ಮನುಷ್ಯ ಬೇಕಿತ್ತು. ಕೋಣೆಯ ಬಾಗಿಲು ಮುಚ್ಚಿದ ಕೂಡಲೇ ಮೈ ನನ್ನ ಮಾತು ಕೇಳುತ್ತಿರಲಿಲ್ಲ, ಅಷ್ಟೇ.

ಅಷ್ಟು ಒಪ್ಪತ್ತು ಮಾಡಿದರೆ ಯಾವ ದೇಹ ತಾಳುತ್ತದೆ? ಒಂದು ಬೆಳಿಗ್ಗೆ ಬಾವಿಕಟ್ಟೆಯಲ್ಲಿ ತಲೆ ತಿರುಗಿ ಬಿದ್ದೆ. ಅತ್ತೆ ಓಡಿ ಬಂದವರು ನನ್ನ ಮುಖ ನೋಡಿ ಅಳಲಿಲ್ಲ, ನಕ್ಕರು. "ಎಣಿಸಿದ್ದೆ, ನಾನು ಎಣಿಸಿದ್ದೆ!" ಎಂದು ಆ ಮಧ್ಯಾಹ್ನವೇ ಪಾಯಸ ಮಾಡಿ, ಮರುದಿನ ಬಸ್ಸು ಹತ್ತಿಸಿ ಮಣಿಪಾಲದ ಲೇಡಿ ಡಾಕ್ಟರರ ಬಳಿಗೆ ಕರೆದುಕೊಂಡು ಹೋದರು. ನಾನು ಬಸುರಿಯಾಗಿರಲು ಸಾಧ್ಯವೇ ಇಲ್ಲವೆಂದು ಗೊತ್ತಿದ್ದವಳು ಆ ಬಸ್ಸಿನಲ್ಲಿ ನಾನೊಬ್ಬಳೇ.

ಡಾಕ್ಟರಮ್ಮ ಅತ್ತೆಯನ್ನು ಹೊರಗೆ ಬೆಂಚಿನಲ್ಲಿ ಕೂರಿಸಿ, "ಮುಟ್ಟು ಯಾವಾಗ ನಿಂತದ್ದು?" ಎಂದು ಕೇಳಿದರು. ನಿಂತಿಲ್ಲ ಎಂದೆ. ಆಮೇಲೆ ಅಳು ಬಂತು, ಅಳುವಿನ ಜೊತೆಗೆ ವಾರದ ಏಳೂ ದಿನದ ಕಥೆ ಬಂತು. ಅವರು ನಗಲಿಲ್ಲ. ಬುಧವಾರದ ತಲೆನೋವಿಗೆ ಮಾತ್ರ ತುಟಿ ಸ್ವಲ್ಪ ಅಲುಗಿತು.

"ಪರೀಕ್ಷೆ ಮಾಡಬಹುದಾ? ಬೇಡ ಅಂದ್ರೆ ಇವತ್ತು ಬೇಡ," ಎಂದರು. ನನ್ನನ್ನು ಹಾಗೆ ಕೇಳಿದವರು ಅವರೇ ಮೊದಲು. ಬಹುಶಃ ಅದರಿಂದಲೇ ಆಗಲಿ ಎಂದೆ. ಮುಗಿದ ಮೇಲೆ ಹೇಳಿದರು: "ಒಳಗೆ ಎಂತ ತೊಂದರೆಯೂ ಇಲ್ಲ. ಕಣ್ಣಿನ ಹತ್ತಿರ ಏನಾದ್ರೂ ಬಂದ್ರೆ ರೆಪ್ಪೆ ತನ್ನಷ್ಟಕ್ಕೇ ಮುಚ್ತದೆ, ಅಲ್ವಾ? ನೀನು ಹೇಳಿ ಮುಚ್ಚುದಾ? ಹೆದರಿದಾಗ ಮೈ ಕೂಡ ಹಾಗೇ ಬಿಗೀತದೆ. ಅದು ತಪ್ಪಲ್ಲ, ಪಾಪ ಅಲ್ಲ. ಬಲವಂತ ಮಾಡಿದ್ರೆ ಇನ್ನೂ ಬಿಗೀತದೆ. ಮುಂದಿನ ಸಲ ಗಂಡನನ್ನು ಕರ್ಕೊಂಡು ಬಾ."

ಇವರು ಬಂದರು, ಕೆಂಪು ಕೆಂಪಾಗಿ. ಡಾಕ್ಟರಮ್ಮ ಕೊಟ್ಟ ಔಷಧ ಇಷ್ಟೇ: ಸದ್ಯಕ್ಕೆ ಕೂಡುವ ಯೋಚನೆಯನ್ನೇ ಬಿಡಬೇಕು. ದಿನಾ ಸ್ವಲ್ಪ ಹೊತ್ತು ಕೈ ಹಿಡಿದು ಕೂತು ಮಾತಾಡಬೇಕು. ಉಸಿರನ್ನು ನಿಧಾನ ಬಿಡುವುದು ಕಲಿಯಬೇಕು. ಇಬ್ಬರಿಗೂ ಹಿತವಾದರೆ ಒಂದು ಹೆಜ್ಜೆ ಮುಂದೆ, ಯಾರೊಬ್ಬರು ಬೇಡ ಎಂದರೂ ಅಲ್ಲಿಗೇ ನಿಲ್ಲಬೇಕು.

ಕಟಪಾಡಿಯಲ್ಲಿ ಬಸ್ಸಿಳಿದು ನಡೆಯುವಾಗ ಇವರು ರಸ್ತೆ ನೋಡುತ್ತಾ, "ನನಗೂ ಹೆದರಿಕೆ ಉಂಟು ಮಾರಾಯ್ತಿ," ಎಂದರು. "ಆಫೀಸಿನವರು ಏನೇನೋ ಹೇಳಿ ಹೆದರಿಸಿದ್ರು. ನನ್ನಿಂದ ಆಗದಿದ್ರೆ ಅಂತ. ನೀನು ವ್ರತ ಅಂದಾಗ ಒಳಗಿಂದೊಳಗೆ ಬಚಾವ್ ಅನ್ನಿಸ್ತಿತ್ತು. ಆಮೇಲೆ ನಿಂಗೆ ನನ್ನನ್ನು ಕಂಡ್ರೇ ಆಗುದಿಲ್ಲ ಅಂತ ಎಣಿಸಿದೆ."

"ಆಗದಿದ್ರೆ ನಿಮ್ಮ ರೇಡಿಯೋದ ಗಲಾಟೆ ಸಹಿಸ್ತಿದ್ದೆನಾ?" ಎಂದೆ. ಗದ್ದೆಯ ಬದುವಿನಲ್ಲಿ ನಿಂತು ಇಬ್ಬರೂ ನಕ್ಕೆವು. ನಮ್ಮ ಮದುವೆ ನನ್ನ ಲೆಕ್ಕದಲ್ಲಿ ಅಂದು ನಡೆದದ್ದು.

ಅತ್ತೆಗೆ ಡಾಕ್ಟರಮ್ಮ ರಕ್ತ ಕಡಿಮೆ, ಒಪ್ಪತ್ತು ನಿಲ್ಲಿಸಬೇಕು ಎಂದಷ್ಟೇ ಹೇಳಿದ್ದರು. ಹಿಡಿದ ವ್ರತ ಬಿಟ್ಟರೆ ಸೊಸೆಗೆ ಕೇಡಾದೀತೆಂದು ಅತ್ತೆ ಅವನ್ನೆಲ್ಲ ತಾವೇ ಹಿಡಿದುಬಿಟ್ಟರು! ಆ ವಯಸ್ಸಾದ ಜೀವ ನನ್ನ ಹೆದರಿಕೆಗಾಗಿ ಅವಲಕ್ಕಿ ತಿನ್ನುವುದನ್ನು ನೋಡಲಾಗದೆ, ತೆಂಗಿನಕಾಯಿ ತುರಿಯುತ್ತಾ ನಿಜ ಹೇಳಿದೆ. ಅತ್ತೆ ಕಾಯಿತುರಿಯನ್ನು ಒಟ್ಟುಮಾಡುತ್ತಾ, "ನಮ್ಮ ಕಾಲದಲ್ಲಿ ಕೇಳುವ ಡಾಕ್ಟ್ರು ಇರ್ಲಿಲ್ಲ ಮಗಳೇ," ಎಂದರು. ಮರುವಾರದಿಂದ ಕಾಪುವಿನ ಮಗಳ ಮನೆಗೆ ಆಗಾಗ ಹೋಗಿ ಉಳಿಯತೊಡಗಿದರು. ಯಾಕೆ ಅತ್ತೆ ಎಂದರೆ, "ಮೊಮ್ಮಕ್ಕಳನ್ನು ನೋಡ್ಬೇಕು ಅಂತ ಕಾಣ್ತದೆ," ಎಂದು ಸೆರಗು ಕೊಡವುತ್ತಿದ್ದರು.

ಒಂದೇ ವಾರದಲ್ಲಿ ಎಲ್ಲ ಸರಿಯಾಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಹಿಂದೆ ಬಂದೆವು, ಮುಂದೆ ಹೋದೆವು. ಮಳೆಗಾಲ ಕಳೆದು ಒಂದು ದಿನ, ಹೆದರಲು ಮರೆತಿದ್ದೆನೆಂದು ನನಗೇ ಆಮೇಲೆ ನೆನಪಾಯಿತು.

ನಿನ್ನೆ ಕಾರ್ಕಳದಿಂದ ತಂಗಿಯ ಮೊಮ್ಮಗಳು ಮದುವೆಯ ಕಾಗದ ಕೊಡಲು ಬಂದಿದ್ದಳು. ದೊಡ್ಡ ಓದು ಓದಿದವಳು, ಜೋರು ಮಾತಿನವಳು. ಕಾಗದ ಕೊಟ್ಟ ಮೇಲೂ ಏಳದೆ ಬಳೆ ತಿರುಗಿಸುತ್ತಾ ಕೂತಳು. ಜಗಲಿಯಲ್ಲಿದ್ದ ಇವರ ಕಡೆ ಒಮ್ಮೆ ನೋಡಿ, ಸ್ವರ ತಗ್ಗಿಸಿ, "ಅಜ್ಜಿ, ನಿಮಗೆ ಮದುವೆ ಆಗುವಾಗ ಹೆದರಿಕೆ ಇತ್ತಾ?" ಎಂದಳು.

"ಇತ್ತು," ಎಂದೆ. "ನಿನ್ನ ಅಜ್ಜನಿಗೂ ಇತ್ತು."

ಜಗಲಿಯಿಂದ ಒಂದು ಕೆಮ್ಮು ಕೇಳಿತು. ನಾನು ಹುಡುಗಿಯ ಪಕ್ಕಕ್ಕೆ ಸರಿದು ಕೂತೆ.