ಉಪೇಕ್ಷೆಯ ಮೂರು ಕಾಲಗಳು

ಮಿತ್ರರೇ, ಇಂದು ಬ್ಯಾಡಗಿಯ ನಮ್ಮ ಓಣಿಯಲ್ಲಿ ಪುರಸಭಾ ಸದಸ್ಯರೊಬ್ಬರು ಮರಳಿ ಮತ ಯಾಚಿಸುತ್ತ ಗುಡುಗಿದರು: “ನಿಮ್ಮ ಹಿತವನ್ನು ಅಂದೂ ಉಪೇಕ್ಷಿಸಿದೆ, ಇಂದೂ ಉಪೇಕ್ಷಿಸುತ್ತಿದ್ದೇನೆ, ಗೆದ್ದರೆ ಇನ್ನೂ ಹೆಚ್ಚು ಉಪೇಕ್ಷಿಸುತ್ತೇನೆ!”

ಭಾಷಣವೊಂದರ ಕೇಂದ್ರವಿಚಾರವು ಮೂರು ಕಾಲಗಳಲ್ಲೂ ಇಷ್ಟು ಕ್ರಮಬದ್ಧವಾಗಿ ಬೆಳೆದದ್ದನ್ನು ನಾನು ಕಂಡಿರಲಿಲ್ಲ. ದೋಷ ಒಂದೇ: ‘ಅಪೇಕ್ಷೆ’ ಎನ್ನಬೇಕಾದಲ್ಲೆಲ್ಲ, ಕಡೆಗಣಿಸುವುದೆಂಬ ಅರ್ಥದ ‘ಉಪೇಕ್ಷೆ’ ಎಂದರು. ತಿದ್ದಲೆಂದು ವೇದಿಕೆಯತ್ತ ನಡೆದೆ. ಖಾಲಿ ಕೊಡ ಹಿಡಿದಿದ್ದ ನೆರೆಮನೆಯ ಗಿರಿಜವ್ವ ಅಡ್ಡ ನಿಂತರು.

“ಎಲ್ಲಿಗೆ ಹೊಂಟ್ರಿ ಮಾಸ್ತರ?”

“ಅವರ ತಪ್ಪು ತಿದ್ದಲು.”

“ಬ್ಯಾಡ್ರಿ. ನಳಕ್ಕ ನೀರು ಬಂದು ಎಂಟು ದಿನಾ ಆತು. ಅಂವ ಇವತ್ತರ ಖರೇ ಹೇಳಾಕತ್ತಾನ, ಹೇಳ್ಲಿ ಬಿಡ್ರಿ!”

ಮರಳಿ ಬಂದು ಕುಳಿತೆ. ನಿರ್ದುಷ್ಟವಾದ ವಾಕ್ಯವನ್ನು ತಿದ್ದುವ ಅಧಿಕಾರ ಯಾವ ವೈಯಾಕರಣನಿಗೂ ಇಲ್ಲ.